ಉಪ್ಪು ಬಿಟ್ಟ ಮಂಡಲ

ಡೊಂಬಿವಲಿ ಪೂರ್ವದ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಈಗ ಹದಿನಾಲ್ಕು ಮಾಳಿಗೆಯದ್ದು ಕಟ್ಟಿದ್ದಾರೆ. ಲಿಫ್ಟ್ ಇದೆ, ವಾಚ್‌ಮನ್ ಇದ್ದಾನೆ, ಯಾರ ಮನೆಯ ಬಾಗಿಲೂ ತೆರೆದಿರುವುದಿಲ್ಲ. ನಮ್ಮ ಕಾಲದಲ್ಲಿ ಮೂರನೆಯ ಮಾಳಿಗೆಯಲ್ಲಿ ಎದುರುಬದುರಾಗಿ ಇದ್ದದ್ದು ಎರಡೇ ಮನೆ, ನಮ್ಮದು ಮತ್ತು ಲೋಕನಾಥಣ್ಣನದು. ಬೆಳಿಗ್ಗೆ ಹಾಲಿನವನು ಬಂದಾಗ ತೆರೆದ ಬಾಗಿಲನ್ನು ಮಲಗುವ ಹೊತ್ತಿಗಷ್ಟೇ ಮುಚ್ಚುತ್ತಿದ್ದೆವು. ಭಾನುವಾರ ಆ ಮನೆಯ ನೀರುದೋಸೆ ನಮ್ಮ ಮನೆಗೆ ಬರುತ್ತಿತ್ತು. ಅದೇ ತಟ್ಟೆಯಲ್ಲಿ ನಮ್ಮ ಅಮ್ಮ ಏನಾದರೂ ಹಾಕಿ ವಾಪಸು ಕಳಿಸುತ್ತಿದ್ದರು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು.

ಅಷ್ಟು ತೆರೆದ ಮನೆಗಳಲ್ಲಿಯೂ ಒಂದು ವಿಷಯವನ್ನು ಮುಚ್ಚಿಟ್ಟಿದ್ದೆವು. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ. ನನಗೆ ಕೋಪ ಬೇಗ ಬರುತ್ತದೆ, ಇದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಆದರೆ ಈ ಕಥೆಯಲ್ಲಿ ನನಗಿರುವ ಕೋಪದಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ.

ಲೋಕನಾಥಣ್ಣ ಉಡುಪಿ ಕಡೆಯವರು, ಕಲ್ಯಾಣ್ ಸ್ಟೇಶನ್ ಹೊರಗಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಹೆಂಡತಿ ಲೋಲಾಕ್ಷಕ್ಕನೇ ಆಡುತ್ತಿದ್ದರು. ಒಬ್ಬಳೇ ಮಗಳು ರಮಿತಾ. ನನಗಿಂತ ಹತ್ತು ವರ್ಷ ಚಿಕ್ಕವಳು, ಕಣ್ಣೆದುರೇ ಬೆಳೆದವಳು. ನಾವು ಕನ್ನಡದಲ್ಲಿ ಮಾತಾಡಿದರೆ ಅರ್ಧ ಹಿಂದಿಯಲ್ಲಿ, ಅರ್ಧ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ನನ್ನನ್ನು ಮಾತ್ರ ಉಮಕ್ಕ ಎಂದೇ ಕರೆಯುತ್ತಿದ್ದಳು.

ನಾನು ಮನಶ್ಶಾಸ್ತ್ರ ಓದಿ, ಕೌನ್ಸೆಲಿಂಗ್ ಡಿಪ್ಲೊಮಾ ಮುಗಿಸಿ, ಥಾಣೆಯ ಕೋಪರಿಯಲ್ಲಿ ಡಾಕ್ಟರ್ ಕರಮರಕರ್ ಎಂಬ ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದೆ. ಒಳಗಿನ ಕೋಣೆಯಲ್ಲಿ ಅವರು ಮಾತ್ರೆ ಬರೆಯುತ್ತಿದ್ದರು, ಹೊರಗಿನ ಚಿಕ್ಕ ಕೋಣೆಯಲ್ಲಿ ನಾನು ಮಾತಾಡಿಸುತ್ತಿದ್ದೆ. ಎರಡು ಕೋಣೆಗಳ ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ಗೋಡೆ. ಅದರ ಆಚೆಯದು ನನಗೆ ಸಂಬಂಧಿಸಿದ್ದಲ್ಲ ಎಂದು ನಾನು ಬಹಳ ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ನಮ್ಮ ಟೀಚರುಗಳೂ ಹಾಗೆಯೇ ಕಲಿಸಿದ್ದರು: ಔಷಧದ ಬಗ್ಗೆ ಬಾಯಿ ಹಾಕಬೇಡಿ, ಅದು ಡಾಕ್ಟರ ಕೆಲಸ. ಬಾಯಿ ಹಾಕದಿರುವುದು ಸರಿಯೇ. ಆದರೆ ಕಣ್ಣು ಹಾಕಬಾರದೆಂದು ಯಾರೂ ಹೇಳಿರಲಿಲ್ಲ.

ರಮಿತಾಳಿಗೆ ಇಪ್ಪತ್ತೊಂದಾದಾಗ ಕಾಯಿಲೆ ಕಾಣಿಸಿತು. ಒಂದು ಚಳಿಗಾಲವಿಡೀ ಅವಳು ಸ್ನಾನವಿಲ್ಲದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಳೆಗಾಲ ಬರುವಷ್ಟರಲ್ಲಿ ಪೂರಾ ಉಲ್ಟಾ. ನಿದ್ದೆ ಇಲ್ಲ, ಮಾತಿಗೆ ತಡೆಯಿಲ್ಲ. ತನ್ನನ್ನು ಲಂಡನ್ನಿಗೆ ಕರೆದಿದ್ದಾರೆಂದು ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಹೋಗಿ ಹೇಳಿ ಬಂದಳು. ಒಂದು ದಿನ ದಿವಾ ಸ್ಟೇಶನ್ನಿನಲ್ಲಿ ಇಳಿದು ಹಳಿಯ ಮೇಲೆ ನಡೆಯತೊಡಗಿದಳು. ಯಾರೋ ಪುಣ್ಯವಂತರು ಹಿಡಿದು ತಂದರು. ನಾನೇ ಅವಳನ್ನು ಕೋಪರಿಗೆ ಕರೆದೊಯ್ದೆ. ಡಾಕ್ಟರು ಮನಸ್ಸಿನ ಈ ಏರಿಳಿತವನ್ನು ಹಿಡಿದಿಡುವ ಲಿಥಿಯಂ ಮಾತ್ರೆ ಬರೆದರು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂದರು, ಏನೇನು ಎಚ್ಚರ ಎಂದು ಅಚ್ಚು ಹಾಕಿಸಿದ ಒಂದು ಹಾಳೆ ಕೊಟ್ಟರು.

ಲೋಲಾಕ್ಷಕ್ಕ ಆ ಹಾಳೆಯನ್ನು ಮನೆಗೆ ತರಲೇ ಇಲ್ಲ. ಥಾಣೆ ಪ್ಲಾಟ್‌ಫಾರ್ಮಿನಲ್ಲಿಯೇ ಹರಿದು ಕಸದ ಡಬ್ಬಿಗೆ ಹಾಕಿದರು.

"ಯಾರಾದರೂ ನೋಡಿದರೆ ಎಂತ ಮಾಡುದು ಉಮಾ?" ಎಂದರು. "ಥಾಣೆಯಿಂದ ಕಲ್ಯಾಣ್ ತನಕ ನಮ್ಮವರ ಹೋಟೆಲ್ ಇಲ್ಲದ ಸ್ಟೇಶನ್ ಉಂಟಾ? ಬೆಳಿಗ್ಗೆ ಒಬ್ಬರ ಬಾಯಿಗೆ ಬಿದ್ದರೆ ಊಟದ ಹೊತ್ತಿಗೆ ಬದಲಾಪುರಕ್ಕೆ ಮುಟ್ಟಿಯಾಗ್ತದೆ. ಮತ್ತೆ ಈ ಹುಡುಗಿಯನ್ನು ಯಾರು ಕೇಳ್ತಾರೆ?"

ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಒಂದೊಂದಾಗಿ ಬಿಡಿಸಿ, ಕಬ್ಬಿಣಾಂಶದ ಮಾತ್ರೆಯ ಹಳೇ ಬಾಟ್ಲಿಗೆ ತುಂಬಿ, ದೇವರ ಗೂಡಿನ ಪಕ್ಕದಲ್ಲಿಟ್ಟರು. ರಮಿತಾಳಿಗೆ ರಕ್ತ ಕಡಿಮೆ, ಅದಕ್ಕೆ ಆಯರ್ನ್ ಮಾತ್ರೆ ಎಂದು ನೆಂಟರಿಗೆಲ್ಲ ಹೇಳಿದರು. ಲೋಕನಾಥಣ್ಣನ ಸ್ವಂತ ಅಕ್ಕ ಜಯಲತಾ, ಅಂದರೆ ನಮ್ಮ ಜಯಕ್ಕನಿಗೂ ನಿಜ ಗೊತ್ತಿರಲಿಲ್ಲ. ನಾನು ಇದಕ್ಕೆ ಒಪ್ಪಿದೆ. ಮುಚ್ಚಿಟ್ಟರೂ ಮಾತ್ರೆ ಹೊಟ್ಟೆಗೆ ಹೋಗುತ್ತದಲ್ಲ, ಅಷ್ಟು ಸಾಕು ಎಂದುಕೊಂಡೆ.

ಮಾತ್ರೆ ಕೆಲಸ ಮಾಡಿತು. ನಮ್ಮ ರಮಿತಾ ನಮಗೆ ಮರಳಿ ಸಿಕ್ಕಿದಳು. ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ಆ ಎರಡು ಮೂರು ವರ್ಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಕ್ಕೆ ಇಬ್ಬರೂ ಒಟ್ಟಿಗೆ ಹತ್ತುತ್ತಿದ್ದೆವು. ಯಾರೋ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬೀನ್ಸ್ ಮುರಿಯುತ್ತಿದ್ದರು, ಇನ್ಯಾರೋ ಅಭಂಗ ಹಾಡುತ್ತಿದ್ದರು, ಮಲ್ಲಿಗೆಯ ಜೊತೆ ಬಂಗಡೆಯ ವಾಸನೆಯೂ ಬರುತ್ತಿತ್ತು. ಮುಂಬ್ರಾ ದಾಟಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಗಾಳಿ ಒಳಗೆ ನುಗ್ಗಿದಾಗ ರಮಿತಾ ಕಣ್ಣು ಮುಚ್ಚಿ, "ಉಮಕ್ಕ, ಕ್ಯಾ ಹವಾ ಹೈ ನಾ" ಎನ್ನುತ್ತಿದ್ದಳು. ಥಾಣೆಯಲ್ಲಿ ಇಳಿದು ಅವಳು ವಾಶಿ ಗಾಡಿಗೆ ಓಡುತ್ತಿದ್ದಳು, ನಾನು ಸೇತುವೆ ಹತ್ತಿ ಕೋಪರಿಗೆ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈ ಮೇಲೆತ್ತಿ ಬೀಸುತ್ತ ಓಡುತ್ತಿದ್ದ ಆ ಹುಡುಗಿಯ ಕೈ ಆಗ ಒಂದಿಷ್ಟೂ ನಡುಗುತ್ತಿರಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ಬೇಸಿಗೆಯಲ್ಲಿ ಜಯಕ್ಕ ಬಂದರು. ಟಿಟ್ವಾಳಾದಲ್ಲಿ ಅವರ ವಾಸ, ಅಲ್ಲಿನ ಗಣಪತಿಯ ಮೇಲೆ ಅವರಿಗೆ ಬಹಳ ಅಧಿಕಾರ. ಗಂಡ ತೀರಿಹೋದ ಮೇಲೆ ತಮ್ಮನ ಸಂಸಾರದ ಚಿಂತೆಯನ್ನೂ ತಾವೇ ವಹಿಸಿಕೊಂಡಿದ್ದರು. ಮಂಡಿನೋವಿನವರು. ಮೂರು ಮಾಳಿಗೆ ಹತ್ತಿ ಬಂದು, ಮೊದಲ ಅರ್ಧ ಗಂಟೆ ಬಿಲ್ಡಿಂಗ್ ಕಟ್ಟಿದವನಿಗೆ ಬೈಯುವುದು ಅವರ ಪದ್ಧತಿ. ಅಂದು ಬೈಗುಳ ಮುಗಿಸಿ ವಿಷಯಕ್ಕೆ ಬಂದರು.

"ಹುಡುಗಿಗೆ ಇಪ್ಪತ್ತನಾಲ್ಕು ತುಂಬಿತು. ಇನ್ನೂ ಒಂದು ಸಂಬಂಧ ಬಾಗಿಲಿಗೆ ಬರಲಿಲ್ಲ. ನಮ್ಮ ಮನೆತನದಲ್ಲಿ ಮದುವೆ ತಡವಾದರೆ ಹುಡುಗಿ ಒಂದು ಮಂಡಲ ಉಪ್ಪು ಬಿಡುದು. ನಾನು ಬಿಟ್ಟಿದ್ದೆ, ನನ್ನ ತಂಗಿ ಬಿಟ್ಟಿದ್ದಳು. ನಲವತ್ತೆಂಟು ದಿನ ಒಪ್ಪೊತ್ತು ಊಟ, ಉಪ್ಪಿಲ್ಲದ್ದು. ಕೊನೆಗೆ ಟಿಟ್ವಾಳಾದಲ್ಲಿ ಪೂಜೆ. ಮೇ ತಿಂಗಳ ಮೊದಲ ಮಂಗಳವಾರ ಶುರು ಮಾಡಿ."

"ಈ ಸೆಖೆಯಲ್ಲಿ ಬೇಡ ಜಯಕ್ಕ. ಅವಳು ಮಹಾಪೆಗೆ ಹೋಗಿ ಬರಬೇಕಲ್ಲ," ಎಂದೆ ನಾನು.

"ನೀನು ಓದಿದವಳು, ನಿನಗೆ ಎಲ್ಲ ಬೇಡವೇ. ಉಪ್ಪು ಬಿಟ್ಟು ಸತ್ತವರನ್ನು ನಾನು ನೋಡ್ಲಿಲ್ಲ."

ಆ ಸಂಜೆ ಲೋಲಾಕ್ಷಕ್ಕ ನಮ್ಮ ಮನೆಗೆ ಬಂದರು. ಮೆಲ್ಲಗೆ ಕೇಳಿದರು, "ಉಮಾ, ಉಪ್ಪು ಬಿಟ್ಟಾಗ ಆ ಮಾತ್ರೆ ಕೊಡಬಹುದಾ? ಏನಾದರೂ ತೊಂದರೆ ಉಂಟಾ? ಅತ್ತಿಗೆ ಹತ್ತಿರ ಬೇಡ ಅನ್ನಲಿಕ್ಕೆ ಕಾರಣ ಬೇಕಲ್ಲ, ಕಾರಣ ಹೇಳಿದರೆ ಗುಟ್ಟು ಹೊರಗೆ."

ಓದುಗರೇ, ನನ್ನ ಉತ್ತರವನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡಿ. ಉಪ್ಪು ಬಿಟ್ಟರೆ ಏನೂ ಆಗುವುದಿಲ್ಲ, ಬಿಪಿಗೆ ಒಳ್ಳೆಯದೇ." ಹೇಳಿ ನಾನು ಸಾರಿಗೆ ಒಗ್ಗರಣೆ ಹಾಕಲು ಹೋದೆ. ಡಾಕ್ಟರರನ್ನು ಕೇಳಿ ಹೇಳುತ್ತೇನೆ ಎಂಬ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಕ್ಲಿನಿಕ್ಕಿನ ನನ್ನ ಫೈಲಿನಲ್ಲಿ ಆ ಅಚ್ಚು ಹಾಳೆಯ ಇನ್ನೊಂದು ಪ್ರತಿ ಇತ್ತು. ಅದನ್ನು ನಾನು ಒಮ್ಮೆಯೂ ಓದಿರಲಿಲ್ಲ.

ವ್ರತ ಶುರುವಾಯಿತು. ಮೊದಲ ವಾರ ರಮಿತಾ ತಮಾಷೆ ಮಾಡುತ್ತಿದ್ದಳು. ರೈಲಿನಲ್ಲಿ ನನ್ನ ಡಬ್ಬಿ ತೆರೆಸಿ ಉಪ್ಪಿನಕಾಯಿಯ ವಾಸನೆ ನೋಡಿ, "ಬಸ್, ಪೇಟ್ ಭರ್ ಗಯಾ" ಎಂದು ಹೊಟ್ಟೆ ತಟ್ಟಿಕೊಳ್ಳುತ್ತಿದ್ದಳು. ರಕ್ತ ಪರೀಕ್ಷೆಯ ದಿನ ಬಂದಿತ್ತು. ಹತ್ತಿರದ ಲ್ಯಾಬಿಗೆ ನಮ್ಮವರೇ ಒಬ್ಬರು ಹೊಸದಾಗಿ ಸೇರಿದ್ದರು. ಅವರು ಚೀಟಿ ಓದಿಯಾರೆಂದು ಲೋಲಾಕ್ಷಕ್ಕ ಪರೀಕ್ಷೆಯನ್ನು ವ್ರತ ಮುಗಿದ ಮೇಲಕ್ಕೆ ಹಾಕಿದರು.

ಮೂರನೆಯ ವಾರ ರೈಲಿನಲ್ಲಿ ಹಿಡಿಕೆ ಹಿಡಿದ ಅವಳ ಕೈ ನಡುಗುತ್ತಿರುವುದನ್ನು ಕಂಡೆ. ಅಷ್ಟರಲ್ಲಿ ಜಯಕ್ಕ ಒಂದು ಸಂಬಂಧವನ್ನೂ ಗೊತ್ತು ಮಾಡಿದ್ದರು, ಹುಡುಗನ ಕಡೆಯವರು ಜೂನ್ ಎಂಟರ ಭಾನುವಾರ ನೋಡಲು ಬರುವವರಿದ್ದರು. ನನಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾದಂತೆ ಅನಿಸಿತು. ಇದು ಹೆದರಿಕೆ, ಬೇರೇನೂ ಅಲ್ಲ. ಡೊಂಬಿವಲಿಯಿಂದ ಥಾಣೆಯವರೆಗೆ ಅವಳಿಗೆ ಉಸಿರಾಟದ ಪಾಠ ಮಾಡಿದೆ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಆ ಹುಡುಗಿ ನನ್ನ ಮಾತು ನಂಬಿ, ನಡುಗುವ ಕೈಯನ್ನು ಎದೆಯ ಮೇಲಿಟ್ಟುಕೊಂಡು ಎಣಿಸಿದಳು.

"ಆದರೂ ನಿಲ್ತಾ ಇಲ್ಲ ಉಮಕ್ಕ," ಎಂದಳು.

"ನಿಲ್ತದೆ. ಸಂಡೇ ಮುಗಿಯಲಿ," ಎಂದೆ.

ಮುಂದಿನ ವಾರ ವಾಂತಿ, ಭೇದಿ. ಆಫೀಸಿಗೆ ರಜೆ ಹಾಕಿದಳು. ನಡೆದರೆ ಗೋಡೆ ಹಿಡಿಯುತ್ತಿದ್ದಳು. ಜಯಕ್ಕ ಬಂದು ನೋಡಿ ದೃಷ್ಟಿಯಾಗಿದೆ ಎಂದರು. ಹಿಡಿ ಉಪ್ಪು, ಮೆಣಸು ತಂದು ಅವಳ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ, ಗ್ಯಾಸ್ ಒಲೆಯ ಮೇಲಿಟ್ಟ ಕಾವಲಿಗೆ ಹಾಕಿದರು. ಚಟಪಟ ಸದ್ದಾಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಹಿಡಿಯಲ್ಲಿದ್ದ ಉಪ್ಪನ್ನು ಗಂಜಿಗೆ ಹಾಕಿ ಕುಡಿಸಬೇಕಾಗಿತ್ತು. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಜೂನ್ ಎಂಟು, ವ್ರತದ ಮೂವತ್ತನಾಲ್ಕನೆಯ ದಿನ. ನಾನು ಬೆಳಿಗ್ಗೆಯೇ ವಾಶಿಗೆ ಒಂದು ಶಿಬಿರಕ್ಕೆ ಹೋಗಿದ್ದೆ. ಸಂಜೆ ಐದಕ್ಕೆ ಬಂದಾಗ ಎದುರುಮನೆಯಲ್ಲಿ ಜಯಕ್ಕ ಒಬ್ಬರೇ ಇದ್ದರು. ನೆಲದ ಮೇಲೆ ಕಾಫಿ ಚೆಲ್ಲಿತ್ತು, ಒಂದು ಲೋಟ ಕುರ್ಚಿಯ ಕೆಳಗೆ ಬಿದ್ದಿತ್ತು. ಹುಡುಗನ ಕಡೆಯವರ ಮುಂದೆ ರಮಿತಾ ತಟ್ಟೆ ಹಿಡಿದುಕೊಂಡು ಬಂದಳಂತೆ. ಲೋಟಗಳು ಗಲಗಲ ಅಂದವಂತೆ. ಹುಡುಗನ ತಾಯಿ ಹೆಸರು ಕೇಳಿದಾಗ ಅವಳ ನಾಲಿಗೆ ಹೊರಳಲಿಲ್ಲ. ಅಲ್ಲಿಯೇ ಕುಸಿದು, ಕೈಕಾಲು ಸೆಟೆದುಕೊಂಡಳು. ಬಂದವರು ಒಳ್ಳೆಯವರು, ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿದ್ದರು. ಅದು ಹನ್ನೊಂದು ಗಂಟೆಗೆ.

ನಾನು ಆಸ್ಪತ್ರೆಗೆ ಓಡಿದೆ. ರಮಿತಾಳಿಗೆ ಗ್ಲೂಕೋಸ್ ಏರಿಸಿದ್ದರು. ವ್ರತದಿಂದ ನಿಶ್ಶಕ್ತಿ, ರಿಪೋರ್ಟು ಬರಲಿ, ನೋಡೋಣ ಎಂದಿದ್ದರಂತೆ ಅಲ್ಲಿನ ಡಾಕ್ಟರು. ಅವಳಿಗೆ ಕರೆದರೆ ಎಚ್ಚರವಿರಲಿಲ್ಲ.

"ಮಾತ್ರೆ ವಿಷಯ ಹೇಳಿದಿರಾ ಲೋಲಾಕ್ಷಕ್ಕ?"

ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಮೂಲೆಗೆ ಎಳೆದರು. ಬೆಂಚಿನ ಮೇಲೆ ಹುಡುಗನ ತಂದೆತಾಯಿ ಇನ್ನೂ ಕೂತಿದ್ದರು. "ಕೇಳಿದರು. ಬರೀ ಆಯರ್ನ್ ಅಂತ ಹೇಳಿದೆ. ಅವರು ಇಲ್ಲೇ ಇದ್ದಾರೆ ಉಮಾ. ಅವರು ಹೋಗಲಿ, ಮತ್ತೆ ಹೇಳುವ. ನಿನ್ನ ಕಾಲು ಹಿಡೀತೇನೆ, ಈಗ ಬೇಡ."

ನಾನು ಹೊರಗೆ ಬಂದು ಡಾಕ್ಟರ್ ಕರಮರಕರ್ ಅವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಊಟ ಏನು ಮಾಡುತ್ತಿದ್ದಳು? ನಾನು ಉಪ್ಪಿನ ವ್ರತದ ಬಗ್ಗೆ ಹೇಳಿದೆ. ಅವರು ಕೂಡಲೇ, "ಉಮಾವತಿ, ಅಲ್ಲಿರುವ ಡಾಕ್ಟರಿಗೆ ಈಗಲೇ ಫೋನ್ ಕೊಡಿ, ಒಂದು ನಿಮಿಷವೂ ಕಾಯಬೇಡಿ," ಎಂದರು.

ನಾನು ಲೋಲಾಕ್ಷಕ್ಕನನ್ನು ದಾಟಿಕೊಂಡು, ಬೆಂಚಿನ ಮೇಲಿದ್ದವರನ್ನೂ ದಾಟಿಕೊಂಡು ಒಳಗೆ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಈ ಹುಡುಗಿ ಮೂರು ವರ್ಷದಿಂದ ಲಿಥಿಯಂ ತಿನ್ನುತ್ತಿದ್ದಾಳೆ, ಮೂವತ್ತನಾಲ್ಕು ದಿನದಿಂದ ಉಪ್ಪು ತಿಂದಿಲ್ಲ. ಹಿಂದೆ ಲೋಲಾಕ್ಷಕ್ಕ ನೆಲದ ಮೇಲೆ ಕೂತುಬಿಟ್ಟದ್ದು ಗೊತ್ತಾಯಿತು. ಬೆಂಚಿನ ಮೇಲಿದ್ದವರು ಸ್ವಲ್ಪ ಹೊತ್ತಿನಲ್ಲಿ ಎದ್ದು ಹೋದರು.

ಅಂದೇ ಅವಳನ್ನು ಥಾಣೆಗೆ ಸಾಗಿಸಿ ಡಯಾಲಿಸಿಸ್ ಮಾಡಿದರು. ಮರುದಿನ ಡಾಕ್ಟರ್ ಕರಮರಕರ್ ನನ್ನನ್ನು ಕೂರಿಸಿ, ಮಗುವಿಗೆ ಹೇಳುವಂತೆ ಹೇಳಿದರು. ಲಿಥಿಯಂ ಕೂಡ ಒಂದು ಬಗೆಯ ಲವಣವೇ. ದೇಹಕ್ಕೆ ಉಪ್ಪು ಸಿಗದಿದ್ದರೆ ಮೂತ್ರಪಿಂಡ ಇದ್ದಬದ್ದ ಉಪ್ಪನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಅನ್ನೂ ಹೊರಗೆ ಬಿಡುವುದಿಲ್ಲ. ದಿನದಿನವೂ ಅದು ರಕ್ತದಲ್ಲಿ ಏರುತ್ತ ಹೋಗಿ ಮದ್ದೇ ವಿಷವಾಗುತ್ತದೆ. ಕೈ ನಡುಗುವುದು, ವಾಂತಿ, ತೂರಾಡುವುದು, ನಾಲಿಗೆ ತೊದಲುವುದು, ಎಲ್ಲವೂ ಆ ಹಾಳೆಯಲ್ಲಿ ಸಾಲಾಗಿ ಅಚ್ಚಾಗಿತ್ತು.

"ಮಾತ್ರೆ ಬರೆಯುವುದು ನಿಮ್ಮ ಕೆಲಸವಲ್ಲ," ಎಂದರು. "ಆದರೆ ನಾನು ಅವಳನ್ನು ಮೂರು ತಿಂಗಳಿಗೊಮ್ಮೆ ನೋಡುತ್ತೇನೆ, ನೀವು ದಿನಾ ನೋಡುತ್ತೀರಿ. ಏನನ್ನು ನೋಡಬೇಕೆಂದು ನಿಮಗೇ ಗೊತ್ತಿಲ್ಲದಿದ್ದರೆ ಹೇಗೆ?" ನನಗೆ ಅಳು ಬಂತು.

ಮಾತ್ರೆಯ ವಿಷಯ ತಿಳಿದು ಜಯಕ್ಕ ಆಸ್ಪತ್ರೆಗೆ ಬಂದರು. ಅವರ ಮೇಲೆ ಎರಗಲು ನಾನು ಸಿದ್ಧಳಾಗಿದ್ದೆ, ನಿಮ್ಮ ವ್ರತ ಇವಳನ್ನು ಕೊಲ್ಲುತ್ತಿತ್ತು ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಲೋಲಾಕ್ಷಕ್ಕನ ಮುಂದೆ ನಿಂತರು.

"ನಾನು ಇವಳ ಸೋದರತ್ತೆ," ಎಂದರು. "ಹುಟ್ಟಿದಾಗ ಮೊದಲು ಎತ್ತಿಕೊಂಡವಳು. ಮಾತ್ರೆ ಉಂಟು ಅಂತ ನನಗೆ ಒಂದು ಮಾತು ಹೇಳಿದ್ದರೆ ನಾನು ಉಪ್ಪು ಬಿಡಿಸ್ತಿದ್ದೆನಾ? ನನ್ನನ್ನು ಅಷ್ಟು ಹೊರಗಿನವಳು ಮಾಡಿದೆಯಾ ಲೋಲಾಕ್ಷಿ?"

ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ಬದಲು ಲೋಕನಾಥಣ್ಣ ಮಾತಾಡಿದರು. "ನಾನೂ ಹೇಳಲಿಲ್ಲ ಅಕ್ಕ. ನಾಚಿಕೆಯಾಗ್ತಿತ್ತು," ಎಂದರು. ನಾನು ಹಿಂದೆ ಸರಿದೆ.

ರಮಿತಾ ಬದುಕಿದಳು. ಆದರೆ ಕೈಯ ನಡುಕ ಪೂರ್ತಿ ಹೋಗಲಿಲ್ಲ. ಮಾತು ಸ್ವಲ್ಪ ಎಳೆಯುತ್ತದೆ, ಮೆಟ್ಟಿಲು ಇಳಿಯುವಾಗ ಕಂಬಿ ಬೇಕು. ರೈಲು ಹಿಡಿಯಲು ಓಡುತ್ತಿದ್ದ ಹುಡುಗಿ ಮತ್ತೆ ಓಡಲಿಲ್ಲ. ಡಾಕ್ಟರು ಬೇರೆ ಮಾತ್ರೆ ಕೊಟ್ಟರು. ಈ ಸಲ ಅದರ ಹಾಳೆಯನ್ನು ಅವಳೇ ಓದಿ, ಅಕ್ಕಿಯ ಡಬ್ಬದ ಮೇಲೆ, ಬಂದವರಿಗೆಲ್ಲ ಕಾಣುವ ಜಾಗದಲ್ಲಿ ಅಂಟಿಸಿದಳು. ಲೋಲಾಕ್ಷಕ್ಕ ಎರಡು ಸಲ ಕಿತ್ತರು. ಅವಳು ಮೂರನೆಯ ಸಲವೂ ಅಂಟಿಸಿದಳು. ನಾನು ಕ್ಲಿನಿಕ್ಕಿನ ಫೈಲುಗಳನ್ನೆಲ್ಲ ಇಳಿಸಿ, ಪ್ರತಿ ಮಾತ್ರೆಯ ಬಗ್ಗೆ ಡಾಕ್ಟರರನ್ನು ಕೇಳಿ ಒಂದು ನೋಟ್‌ಬುಕ್ ತುಂಬಿಸಿದೆ. ಅಲ್ಲಿ ಕೂತ ಎಂಟು ವರ್ಷದಲ್ಲಿ ಕಲಿಯಬೇಕಾಗಿದ್ದದ್ದನ್ನು ನಾಲ್ಕು ತಿಂಗಳಲ್ಲಿ ಕಲಿತೆ.

ಮೂರು ವರ್ಷದ ನಂತರ, ಜುಲೈ ಕೊನೆಯ ಒಂದು ಭಾನುವಾರ, ಮತ್ತೊಂದು ಸಂಬಂಧ ಬಂತು. ನೆರೂಳಿನವರು. ಹುಡುಗ ಯಶ್ವಂತ್, ಅವನ ತಾಯಿ, ಅಕ್ಕ ಸೋನಾಲಿ. ಜಯಕ್ಕ ಟಿಟ್ವಾಳಾದಿಂದ ಬಂದು, ಮೆಟ್ಟಿಲಿಗೆ ಬೈದು ಮುಗಿಸಿ, ಕುರ್ಚಿಯಲ್ಲಿ ಕೂತಿದ್ದರು. ನಾನೂ ಇದ್ದೆ. ಲೋಲಾಕ್ಷಕ್ಕ ಒಳಗೆ ಲೋಟಗಳನ್ನು ಅರ್ಧರ್ಧ ತುಂಬಿಸುತ್ತಿದ್ದರು, ಚೆಲ್ಲಬಾರದೆಂದು.

ರಮಿತಾ ಬರಿಗೈಯಲ್ಲಿ ಹೊರಗೆ ಬಂದಳು. ಬಂದು ಎಲ್ಲರ ಎದುರಿನ ಕುರ್ಚಿಯಲ್ಲಿ ಕೂತಳು. ಕನ್ನಡದಲ್ಲಿಯೇ, ನಿಧಾನವಾಗಿ ಮಾತಾಡಿದಳು.

"ನಾನು ತಟ್ಟೆ ತರುವುದಿಲ್ಲ ಆಂಟಿ. ನನ್ನ ಕೈ ನಡುಗ್ತದೆ. ಯಾಕೆ ನಡುಗ್ತದೆ ಅಂತ ಮೊದಲು ಹೇಳ್ತೇನೆ. ಮತ್ತೆ ಕಾಫಿ ಕುಡಿಯುವ ಮನಸ್ಸಿದ್ದರೆ ಕುಡಿಯಿರಿ."

ಒಳಗೆ ಲೋಟವೊಂದು ಸದ್ದು ಮಾಡಿತು. ಕಾಯಿಲೆ ಏನು, ಮಾತ್ರೆ ಯಾವುದು, ವ್ರತದಲ್ಲಿ ಏನಾಯಿತು, ಎಲ್ಲವನ್ನೂ ರಮಿತಾ ಐದು ನಿಮಿಷದಲ್ಲಿ ಹೇಳಿದಳು. ಮಧ್ಯದಲ್ಲಿ ಮಾತು ಎಳೆದಾಗ ನಿಲ್ಲಿಸಿ, ಮತ್ತೆ ಶುರು ಮಾಡಿದಳು. ಹುಡುಗ ನೆಲ ನೋಡುತ್ತಿದ್ದ. ಅವನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. "ಮಳೆ ಜೋರಾಗ್ತದೆ, ನಾವು ಹೊರಡ್ತೇವೆ," ಎಂದರು. ಮೂವರೂ ಇಳಿದು ಹೋದರು.

ಜಯಕ್ಕ ಒಳಗೆ ಹೋಗಿ ತಮಗೊಂದು ಲೋಟ ಕಾಫಿ ತಂದುಕೊಂಡು ಕುಡಿಯತೊಡಗಿದರು. "ಹೋದವರು ಹೋಗಲಿ. ಕಾಫಿ ಚೆನ್ನಾಗಿ ಉಂಟು," ಎಂದರು.

ಹತ್ತು ನಿಮಿಷದಲ್ಲಿ ಸೋನಾಲಿ ಏದುಸಿರು ಬಿಡುತ್ತ ವಾಪಸು ಬಂದಳು. ಕೊಡೆ ಮರೆತೆ ಎಂದಳು. ಕೊಡೆ ಅವಳ ಕೈಯಲ್ಲೇ ಇತ್ತು. ಬಾಗಿಲಿಗೆ ಒರಗಿ ನಿಂತು, ಪರ್ಸಿನಿಂದ ಮಾತ್ರೆಯ ಒಂದು ಸ್ಟ್ರಿಪ್ ತೆಗೆದು ರಮಿತಾಳ ಮುಂದೆ ಹಿಡಿದಳು. "ನೀವು ಹೇಳಿದ್ದು ಇದೇ ಅಲ್ವಾ? ಯಶ್ವಂತನಿಗೆ ನಾಲ್ಕು ವರ್ಷದಿಂದ ನಡೀತಾ ಉಂಟು. ನಮ್ಮ ಮನೆಯಲ್ಲಿ ಗ್ಯಾಸಿನ ಮಾತ್ರೆ ಅಂತ ಹೇಳುದು. ಅಮ್ಮ ಯಾರಿಗೂ ಹೇಳಬಾರದು ಅಂದಿದ್ದಾರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ರಮಿತಾ ಆ ಸ್ಟ್ರಿಪ್ಪನ್ನು ನಡುಗುವ ಕೈಯಿಂದ ತೆಗೆದುಕೊಂಡು, ಲಿಥಿಯಂ ಎಂಬ ಹೆಸರು ಓದಿದಳು. ನಾನು ಮೂರು ವರ್ಷ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದಳು.

"ಊಟ ಏನು ಮಾಡ್ತಾರೆ ಅವರು? ಉಪ್ಪು ತಿಂತಾರಾ?"

ಸೋನಾಲಿ ತಡವರಿಸಿದಳು. "ಈಗ ತಿಂತಾನೆ. ಬರುವ ವಾರದಿಂದ ಶ್ರಾವಣ ಅಲ್ವಾ? ಮದುವೆ ಕೂಡಿ ಬರಲಿ ಅಂತ ಅಮ್ಮ ತಿಂಗಳಿಡೀ ಉಪ್ಪು ಬಿಡಿಸ್ತಾರೆ."

"ನಿಮ್ಮ ಅಮ್ಮನಿಗೆ ನಾವು ಹೇಳಬಹುದಾ?" ಎಂದು ರಮಿತಾ ಕೇಳಿದಳು.

ಸೋನಾಲಿ ಹೌದೆಂದು ತಲೆಯಾಡಿಸಿದಳು. ಕೆಳಗೆ ರಿಕ್ಷಾದಲ್ಲಿ ಅಮ್ಮ ಕಾಯುತ್ತಿದ್ದಾರೆ ಎಂದಳು.

ಜಯಕ್ಕ ಕಾಫಿ ಲೋಟವನ್ನು ಕೆಳಗಿಟ್ಟರು. ಕುರ್ಚಿಯ ಕೈ ಹಿಡಿದು ಎದ್ದರು. "ನಾನು ಹೇಳ್ತೇನೆ. ಇದನ್ನು ಹೇಳಲಿಕ್ಕೆ ನನ್ನಷ್ಟು ಹಕ್ಕು ಬೇರೆ ಯಾರಿಗೆ ಉಂಟು?" ಎಂದರು. ರಮಿತಾ ಕಂಬಿ ಹಿಡಿದು ಮುಂದೆ ಇಳಿದಳು. ಅವಳ ಹೆಗಲ ಮೇಲೆ ಕೈಯಿಟ್ಟು, ಬಿಲ್ಡಿಂಗ್ ಕಟ್ಟಿದವನಿಗೆ ಒಂದು ಮಾತೂ ಬೈಯದೆ, ಜಯಕ್ಕ ಮೂರು ಮಾಳಿಗೆ ಇಳಿದು ಮಳೆಗೆ ಹೋದರು.